ಗಾಜಿನ ಮನೆಯ ಸಾಲಿನಲ್ಲಿ ನಿಂತವರ ಪರವಾಗಿ ಒಂದು ಬಹಿರಂಗ ಪತ್ರ

ಗೆ,
ನಿರ್ದೇಶಕರು, ತೋಟಗಾರಿಕೆ ಇಲಾಖೆ, ಲಾಲ್‌ಬಾಗ್, ಬೆಂಗಳೂರು
ಹಾಗೂ ಪದಾಧಿಕಾರಿಗಳು, ಮೈಸೂರು ಉದ್ಯಾನ ಕಲಾ ಸಂಘ

ವಿಷಯ: ಲಾಲ್‌ಬಾಗ್ ಫಲಪುಷ್ಪ ಪ್ರದರ್ಶನಕ್ಕೆ ಬರುವವರ ಖರ್ಚು ಮತ್ತು ಪ್ರದರ್ಶನದ ಈಗಿನ ರೀತಿ

ಮಾನ್ಯರೇ,

ಗಣರಾಜ್ಯೋತ್ಸವಕ್ಕೊಂದು, ಸ್ವಾತಂತ್ರ್ಯ ದಿನಕ್ಕೊಂದು, ಹೀಗೆ ವರ್ಷಕ್ಕೆ ಎರಡು ಸಲ ಲಾಲ್‌ಬಾಗಿನಲ್ಲಿ ನಡೆಯುವ ಫಲಪುಷ್ಪ ಪ್ರದರ್ಶನದ ಬಗ್ಗೆ ಈ ಪತ್ರ. ಬರೆಯುತ್ತಿರುವ ನಾವು ತಾರಸಿ, ಬಾಲ್ಕನಿ, ಅಂಗಳಗಳಲ್ಲಿ ಕುಂಡ ಇಟ್ಟುಕೊಂಡು ಗಿಡ ಬೆಳೆಸುವವರು. ಟಿಕೆಟ್ ಬೆಲೆ ಏರಿತು ಎಂಬ ದೂರು ಪ್ರತಿವರ್ಷ ಪತ್ರಿಕೆಯ ವಾಚಕರ ವಾಣಿಯಲ್ಲಿ ಬರುತ್ತದೆ, ಮರುದಿನ ಮರೆಯುತ್ತದೆ. ನಮ್ಮ ತಕರಾರು ಬೇರೆ. ಕೊಟ್ಟ ದುಡ್ಡಿಗೆ ಗಿಡದ ಬಗ್ಗೆ ಏನು ತಿಳಿಯುತ್ತಿದೆ? ಗಾಜಿನ ಮನೆಯ ನಡುವಿನ ಒಂದು ದೊಡ್ಡ ಹೂವಿನ ಮಾದರಿಯನ್ನು ನೋಡಿ, ಫೋಟೋ ತೆಗೆದು, ನೂಕುನುಗ್ಗಲಿನಲ್ಲಿ ಹೊರಗೆ ಬರುವುದೇ ಪ್ರದರ್ಶನ ಎಂದಾಗಿಬಿಟ್ಟರೆ ಇದು ತೋಟಗಾರಿಕೆ ಇಲಾಖೆ ಮಾಡಬೇಕಾದ ಕೆಲಸವೇ?

ಮೊದಲು ಲೆಕ್ಕ ನೋಡೋಣ. ಕೆಲವೇ ವರ್ಷಗಳ ಹಿಂದೆ ದೊಡ್ಡವರ ಟಿಕೆಟ್ 70 ರೂಪಾಯಿಯ ಆಸುಪಾಸಿನಲ್ಲಿತ್ತು. 2025ರ ಹೊತ್ತಿಗೆ ವಾರದ ದಿನಗಳಲ್ಲಿ 80, ಶನಿವಾರ, ಭಾನುವಾರ ಮತ್ತು ರಜಾ ದಿನಗಳಲ್ಲಿ 100, ಮಕ್ಕಳಿಗೆ 30. ಗಂಡ, ಹೆಂಡತಿ, ಅಜ್ಜಿ, ಹತ್ತು ವರ್ಷದ ಮಗು ಇರುವ ಮನೆಯೊಂದು ಭಾನುವಾರ ಬಂದರೆ ಬಾಗಿಲಲ್ಲೇ 330 ರೂಪಾಯಿ. ಇದು ಚಿಕ್ಕ ಭಾಗ. 2025ರ ಫೆಬ್ರುವರಿಯ ದರ ಏರಿಕೆಯ ನಂತರ ಮೆಟ್ರೊದಲ್ಲಿ 10ರಿಂದ 15 ಕಿಲೋಮೀಟರ್ ದೂರಕ್ಕೆ ತಲೆಗೆ 60. ಮೂರಡಿ ದಾಟಿದ ಮಗುವಿಗೂ ಪೂರ್ತಿ ದರವೇ. ಹೋಗಿ ಬರಲು ನಾಲ್ಕು ಜನಕ್ಕೆ 480. ಸ್ಮಾರ್ಟ್ ಕಾರ್ಡ್ ಇದ್ದರೆ ರಿಯಾಯಿತಿಯಿಂದ ಸ್ವಲ್ಪ ಕಮ್ಮಿ. ಕಾರ್ಡ್ ಇಲ್ಲದಿದ್ದರೆ ಒಟ್ಟು 800 ರೂಪಾಯಿ ದಾಟಿತು. ಇನ್ನೂ ಒಂದು ಚುರುಮುರಿ ಕೊಂಡಿಲ್ಲ, ಒಂದು ಸಸಿ ಮುಟ್ಟಿಲ್ಲ. ಆಟೋದಲ್ಲಾದರೆ ಮೊದಲ 2 ಕಿಲೋಮೀಟರಿಗೆ 36, ಆಮೇಲೆ ಕಿಲೋಮೀಟರಿಗೆ 18ರಂತೆ 10 ಕಿಲೋಮೀಟರಿಗೆ 180 ರೂಪಾಯಿ, ಅದೂ ಮೀಟರ್ ಹಾಕಿದರೆ. ಸಾಮಾನ್ಯ ಬಿಎಂಟಿಸಿ ಬಸ್ಸಿನಲ್ಲಿ ಹೆಂಗಸರಿಗೆ ಶಕ್ತಿ ಯೋಜನೆಯಿಂದ ಟಿಕೆಟ್ ಇಲ್ಲದಿರುವುದು ಒಂದೇ ಸಮಾಧಾನ.

ವಾರದ ದಿನ ಬಂದರೆ ಇದೇ ಮನೆಗೆ 60 ರೂಪಾಯಿ ಉಳಿಯುತ್ತದೆ. ದಿನಗೂಲಿಯವರಿಗೆ ಆ 60 ರೂಪಾಯಿ ಉಳಿಸಲು ಒಂದು ದಿನದ ಕೂಲಿ ಹೋಗುತ್ತದೆ. ಜನಜಂಗುಳಿ ಹಂಚುವುದಕ್ಕೆಂದು ವಾರಾಂತ್ಯಕ್ಕೆ ಹೆಚ್ಚು ದರ ಇಟ್ಟಿದ್ದರೆ ಅದು ಆ ಕೆಲಸ ಮಾಡುತ್ತಿಲ್ಲ, ಏಕೆಂದರೆ ಭಾನುವಾರ ಬರುವವರು ಬೇರೆ ದಿನ ಬರಲಾಗದವರು. ಒಂದೇ ದಿನದೊಳಗೆ ಬೆಳಗಿನ ಹೊತ್ತಿಗೆ ಕಡಿಮೆ, ಮಧ್ಯಾಹ್ನದ ಹೊತ್ತಿಗೆ ಹೆಚ್ಚು ಎಂದು ದರ ಹಂಚಿದರೆ ಅದಕ್ಕಿಂತ ಹೆಚ್ಚು ಪ್ರಯೋಜನ. ಭಾನುವಾರ ಬೆಳಿಗ್ಗೆ 9ರೊಳಗೆ ಬಂದವರಿಗೆ 60, 11ರ ನಂತರ ಬಂದವರಿಗೆ 100 ಎಂದಿಡಿ, ಸಾಲು ತಾನಾಗಿ ಹರಡಿಕೊಳ್ಳುತ್ತದೆ. ಆಗಸ್ಟ್ 15 ಮತ್ತು ಜನವರಿ 26ರಂದು ಲಾಲ್‌ಬಾಗ್ ನಿಲ್ದಾಣದಿಂದ ಹಿಂದಿರುಗುವವರಿಗೆ ಮೆಟ್ರೊದವರು ಒಂದೇ ದರದ ಕಾಗದದ ಟಿಕೆಟ್ ಕೊಟ್ಟದ್ದುಂಟು. ಆ ಏರ್ಪಾಟನ್ನು ಪ್ರದರ್ಶನದ ಎಲ್ಲ ಶನಿವಾರ, ಭಾನುವಾರಗಳಿಗೂ ಹಿಗ್ಗಿಸಿ, ಪ್ರದರ್ಶನದ ಟಿಕೆಟ್ಟಿಗೇ ಸೇರಿಸಿ ಮಾರಲು ಇಲಾಖೆ ಮಾತನಾಡಬೇಕು. ಪಶ್ಚಿಮ ದ್ವಾರದ ಎದುರಿಗೇ ಮೆಟ್ರೊ ನಿಲ್ದಾಣ ಇರುವ ಉದ್ಯಾನಕ್ಕೆ ಜನ ಕಾರಿನಲ್ಲಿ ಬಂದು ಶಾಂತಿನಗರ ಬಸ್ ನಿಲ್ದಾಣ, ಜೆ.ಸಿ. ರಸ್ತೆಗಳಲ್ಲಿ ಪಾರ್ಕಿಂಗ್ ಹುಡುಕುವುದು ಯಾರಿಗೂ ಒಳ್ಳೆಯದಲ್ಲ. ಸಮವಸ್ತ್ರದಲ್ಲಿ ಬರುವ ಶಾಲಾ ಮಕ್ಕಳಿಗೆ ಉಚಿತ ಪ್ರವೇಶ ಕೊಡುತ್ತಿರುವುದು ಒಳ್ಳೆಯ ಪದ್ಧತಿ, ಅದು ಹಾಗೇ ಇರಲಿ.

ಇನ್ನು ಗಾಜಿನ ಮನೆಯ ಒಳಗಿನ ಮಾತು.

1889ರ ನವೆಂಬರ್ 30ರಂದು ಅಡಿಗಲ್ಲು ಬಿದ್ದ ಈ ಕಟ್ಟಡವನ್ನು ಲಂಡನ್ನಿನ ಕ್ರಿಸ್ಟಲ್ ಪ್ಯಾಲೆಸ್ ಮಾದರಿಯಲ್ಲಿ, ಗ್ಲಾಸ್ಗೋದಿಂದ ತರಿಸಿದ ಕಬ್ಬಿಣದಲ್ಲಿ ಕಟ್ಟಿಸಿದಾಗ ಜಾನ್ ಕ್ಯಾಮರಾನ್ ಲಾಲ್‌ಬಾಗಿನ ಮೇಲ್ವಿಚಾರಕರಾಗಿದ್ದರು. ನಾಲ್ಕೂ ಕಡೆಯಿಂದ ಬೆಳಕು ಬರಲಿ, ಗಿಡ ಗಿಡವಾಗಿಯೇ ಕಾಣಲಿ ಎಂಬ ಕಟ್ಟಡ ಅದು. 1912ರಲ್ಲಿ, ಲಾಲ್‌ಬಾಗಿನ ಹೊಣೆ ಹೊತ್ತಿದ್ದ ಜರ್ಮನಿಯ ಸಸ್ಯತಜ್ಞ ಕ್ರುಂಬಿಗಲ್ ಅವರ ಕಾಲದಲ್ಲಿ ಹುಟ್ಟಿದ ಉದ್ಯಾನ ಕಲಾ ಸಂಘವೂ ಬೆಳೆಗಾರರನ್ನೂ ಹವ್ಯಾಸಿಗಳನ್ನೂ ಒಂದೆಡೆ ಸೇರಿಸುವುದಕ್ಕಾಗಿ ಬಂದದ್ದು. ಈಗ ಪ್ರತಿ ಪ್ರದರ್ಶನಕ್ಕೂ ಒಂದು ವಿಷಯ. 2022ರ ಆಗಸ್ಟಿನಲ್ಲಿ ಡಾ. ರಾಜ್‌ಕುಮಾರ್ ಮತ್ತು ಪುನೀತ್, 2023ರ ಆಗಸ್ಟಿನಲ್ಲಿ ಕೆಂಗಲ್ ಹನುಮಂತಯ್ಯ ಮತ್ತು ವಿಧಾನಸೌಧ, 2024ರಲ್ಲಿ ಜನವರಿಗೆ ಬಸವಣ್ಣ, ಆಗಸ್ಟಿಗೆ ಅಂಬೇಡ್ಕರ್, 2025ರಲ್ಲಿ ವಾಲ್ಮೀಕಿ, ಆಮೇಲೆ ಕಿತ್ತೂರು ಚೆನ್ನಮ್ಮ ಮತ್ತು ಸಂಗೊಳ್ಳಿ ರಾಯಣ್ಣ. ಇವರೆಲ್ಲರ ಮೇಲೆ ನಮಗೆ ಇರುವ ಗೌರವಕ್ಕೆ ಕೊರತೆಯಿಲ್ಲ. ವಿಷಯ ಇಟ್ಟಿದ್ದರಿಂದ ಹೊಸ ಜನ ಬಂದರು ಎಂಬುದೂ ನಿಜ. ಆದರೆ ವಿಷಯ ದೊಡ್ಡದಾದಷ್ಟೂ ಗಿಡ ಹಿಂದೆ ಸರಿದು ಬರೀ ಬಣ್ಣವಾಗಿ ಉಳಿಯುತ್ತಿದೆ. ಮೈಸೂರಿನ ಕುಪ್ಪಣ್ಣ ಪಾರ್ಕಿನ ದಸರಾ ಪ್ರದರ್ಶನದಿಂದ ಮಡಿಕೇರಿಯ ರಾಜಾಸೀಟಿನವರೆಗೆ ಜಿಲ್ಲೆಗಳೆಲ್ಲ ನೋಡುವುದು ಲಾಲ್‌ಬಾಗಿನ ಕಡೆಗೆ. ಇಲ್ಲಿ ಏನು ಮಾಡುತ್ತೀರೋ ಅಲ್ಲಿ ಅದೇ ಆಗುತ್ತದೆ.

ಆ ನಡುವಿನ ಮಾದರಿ ಹೇಗೆ ನಿಲ್ಲುತ್ತದೆ ಎಂದು ನೋಡುವವರಿಗೆ ತಿಳಿಯುವುದಿಲ್ಲ, ಆದ್ದರಿಂದ ಸ್ವಲ್ಪ ಬಿಡಿಸಿ ಹೇಳುತ್ತೇವೆ. ಕಬ್ಬಿಣದ ಆಂಗಲ್ ಮತ್ತು ಸರಳಿನ ಚೌಕಟ್ಟು, ಅದರ ಮೇಲೆ ಜಾಲರಿ, ಜಾಲರಿಯೊಳಗೆ ನೀರು ಕುಡಿಸಿದ ಹಸಿರು ಫೋಮಿನ ಇಟ್ಟಿಗೆಗಳು. ಹೂವಿನ ಅಲಂಕಾರದವರು ಇದನ್ನು ಓಯಸಿಸ್ ಎನ್ನುತ್ತಾರೆ. ತೊಟ್ಟನ್ನು ಓರೆಯಾಗಿ ಕತ್ತರಿಸಿ ಒಂದೊಂದು ಹೂವನ್ನೂ ಎರಡು ಮೂರು ಸೆಂಟಿಮೀಟರ್ ಒಳಗೆ ಚುಚ್ಚಬೇಕು. ಅರಳಿದ ಗುಲಾಬಿಯ ತಲೆ ನಾಲ್ಕೈದು ಸೆಂಟಿಮೀಟರ್ ಅಗಲ ಎಂದರೆ ಒಂದು ಚದರ ಮೀಟರ್ ಮುಚ್ಚಲು 400ರಿಂದ 500 ಹೂ ಬೇಕು. ಮಾದರಿಯ ಮೈ 100 ಚದರ ಮೀಟರ್ ಇದ್ದರೆ 40ರಿಂದ 50 ಸಾವಿರ. ಗುಲಾಬಿ ಫೋಮಿನಲ್ಲಿ ನಾಲ್ಕೈದು ದಿನ ಮುಖ ಉಳಿಸಿಕೊಳ್ಳುತ್ತದೆ, ಸೇವಂತಿಗೆ ಎಂಟು ಹತ್ತು ದಿನ. ಪ್ರದರ್ಶನ ಹತ್ತು ಹನ್ನೆರಡು ದಿನ ನಡೆಯುವುದರಿಂದ ನಡುವೆ ಒಮ್ಮೆಯಾದರೂ ಪೂರ್ತಿ ಬದಲಿಸಲೇಬೇಕು. ಅಲ್ಲಿಗೆ ಲಕ್ಷದ ಹತ್ತಿರ ಬಂತು. ಇಷ್ಟು ಹೂ ದೊಡ್ಡಬಳ್ಳಾಪುರ, ಹೊಸೂರಿನ ಕಡೆಯ ಪಾಲಿಹೌಸುಗಳಿಂದ, ಅಂದರೆ ಪ್ಲಾಸ್ಟಿಕ್ ಹೊದಿಸಿದ ಬೆಳೆಮನೆಗಳಿಂದ, ಬರುತ್ತದೆ. ಆಗಸ್ಟಿನಲ್ಲಿ ಶ್ರಾವಣದ ಹಬ್ಬಗಳೂ ಅದೇ ಹೂವಿಗೆ ಕೈಚಾಚುತ್ತವೆ. ವರಮಹಾಲಕ್ಷ್ಮಿ ಹಬ್ಬದ ವಾರದಲ್ಲಿ ಕೆ.ಆರ್. ಮಾರುಕಟ್ಟೆಯಲ್ಲಿ ಹೂವಿನ ಬೆಲೆ ಎಲ್ಲಿಗೆ ಹೋಗುತ್ತದೆ ಎಂದು ಬೆಂಗಳೂರಿನ ಯಾವ ಗೃಹಿಣಿಯನ್ನು ಕೇಳಿದರೂ ಹೇಳುತ್ತಾರೆ. ಟಿಕೆಟ್ಟಿನ ದುಡ್ಡು ಎಲ್ಲಿಗೆ ಹೋಗುತ್ತದೆ ಎಂಬ ಪ್ರಶ್ನೆಗೆ ಒಂದು ಉತ್ತರ ಇಲ್ಲಿದೆ.

ಎಡವಟ್ಟು ಆಗುವುದು ಎಲ್ಲಿ? 23 ಸೆಂಟಿಮೀಟರ್ ಉದ್ದ, 11 ಅಗಲ, 8 ದಪ್ಪದ ಒಂದು ಫೋಮ್ ಇಟ್ಟಿಗೆ ಸುಮಾರು ಎರಡು ಲೀಟರ್ ನೀರು ಹಿಡಿಯುತ್ತದೆ. ಚದರ ಮೀಟರಿಗೆ 40 ಇಟ್ಟಿಗೆ ಎಂದರೂ 100 ಚದರ ಮೀಟರಿಗೆ 4,000 ಇಟ್ಟಿಗೆ, ಅಂದರೆ ಬರೀ ನೀರಿನ ತೂಕವೇ ಎಂಟು ಟನ್. ಚೌಕಟ್ಟು ಅಷ್ಟು ದಪ್ಪ ಇರಬೇಕಾದ್ದು ಇದಕ್ಕೇ. ನೀರು ಕೆಳಗಿಳಿಯುವುದರಿಂದ ಮೇಲಿನ ಸಾಲಿನ ಇಟ್ಟಿಗೆ ಮೊದಲು ಒಣಗುತ್ತದೆ, ಮೂರನೆಯ ದಿನಕ್ಕೆ ತುದಿಯ ಹೂ ಬಾಗುತ್ತದೆ. ಒಮ್ಮೆ ಪೂರ್ತಿ ಒಣಗಿದ ಫೋಮಿಗೆ ಮೇಲಿನಿಂದ ನೀರು ಹಾಕಿದರೆ ಅದು ಮತ್ತೆ ಸರಿಯಾಗಿ ಹೀರಿಕೊಳ್ಳುವುದಿಲ್ಲ, ನೀರು ಬದಿಯಿಂದ ಜಾರಿ ನೆಲಕ್ಕೆ ಬೀಳುತ್ತದೆ. ಅದಕ್ಕೆಂದು ಎಸಳಿನ ಮೇಲೆ ತುಂತುರು ಹೊಡೆದರೆ ಆಗಸ್ಟಿನ ಥಂಡಿಯಲ್ಲಿ ಬೂದುಬಣ್ಣದ ಬೂಷ್ಟು ಹತ್ತುತ್ತದೆ. ಸಾವಿರಾರು ಜನರ ಉಸಿರಿನ ತೇವ ಬೇರೆ. ಏಳನೆಯ ದಿನ ಬರುವವರು ನೋಡುವುದು ಮೊದಲ ದಿನದ ಫೋಟೋದಲ್ಲಿ ಕಂಡದ್ದಲ್ಲ. 100 ರೂಪಾಯಿ ಮಾತ್ರ ಅದೇ.

ಇನ್ನೊಂದು ವಿಚಿತ್ರ. ಬಾಗಿಲಲ್ಲಿ ನಮ್ಮ ಚೀಲ ತೆಗೆಸಿ ಪ್ಲಾಸ್ಟಿಕ್ ಕವರ್ ಎತ್ತಿಡುತ್ತೀರಿ, ಒಳ್ಳೆಯದೇ. ಒಳಗೆ ಮಾದರಿಯ ಹೊಟ್ಟೆಯಲ್ಲಿರುವ ಹಸಿರು ಫೋಮ್ ಕೂಡ ಪ್ಲಾಸ್ಟಿಕ್ಕೇ. ಫೀನಾಲ್ ಫಾರ್ಮಾಲ್ಡಿಹೈಡ್ ರಾಳದಿಂದ ಮಾಡಿದ್ದು, ಕೊಳೆಯುವುದಿಲ್ಲ. ಬಾಡಿದ ಹೂ ಕೀಳುವಾಗ ಪುಡಿಯಾಗಿ ತೊಟ್ಟಿಗೆ ಅಂಟಿಕೊಳ್ಳುತ್ತದೆ, ಹೂವಿನ ಜೊತೆ ಗೊಬ್ಬರದ ಗುಂಡಿಗೆ ಹೋದರೆ ಆ ಗೊಬ್ಬರದಲ್ಲಿ ಹಾಗೇ ಉಳಿಯುತ್ತದೆ. ಬ್ರಿಟನ್ನಿನ ರಾಯಲ್ ಹಾರ್ಟಿಕಲ್ಚರಲ್ ಸೊಸೈಟಿ 2021ರಿಂದ ಚೆಲ್ಸಿ ಸೇರಿದಂತೆ ತನ್ನ ಪ್ರದರ್ಶನಗಳಲ್ಲಿ ಇಂಥ ಫೋಮ್ ಬಳಕೆಯನ್ನು ನಿಲ್ಲಿಸಿತು. ಅವರಿಗೆ ಆದದ್ದು ನಮಗೇಕೆ ಆಗದು ಎಂದು ಕೇಳುವುದಕ್ಕೆ ಅವರ ದೇಶಕ್ಕೇ ಹೋಗಬೇಕಿಲ್ಲ, ಲಾಲ್‌ಬಾಗಿನ ಹಳೆಯ ಮಾಲಿಗಳಿಗೆ ಇದಕ್ಕಿಂತ ಒಳ್ಳೆಯ ವಿದ್ಯೆ ಗೊತ್ತಿದೆ. ಬಣ್ಣದ ಎಲೆಯ ಗಿಡ್ಡ ಗಿಡವಾದ ಆಲ್ಟರ್‌ನ್ಯಾಂಥೆರಾದ ಕೆಂಪು ಮತ್ತು ಹಳದಿ ತಳಿಗಳನ್ನು ಹತ್ತು ಸೆಂಟಿಮೀಟರ್ ಅಂತರದಲ್ಲಿ ನೆಟ್ಟು ಕತ್ತರಿಸಿ ಆಕಾರ ತರುವ ಕೆಲಸ ಅದು. ಚದರ ಮೀಟರಿಗೆ 100 ಸಸಿ ಸಾಕು. ತುಂಡು ನೆಟ್ಟು ಬೇರು ಬಂದು ಮೈ ಮುಚ್ಚಲು ಏಳೆಂಟು ವಾರ ಹಿಡಿಯುತ್ತದೆ. ಜಾಲರಿ ತಟ್ಟೆಗಳಲ್ಲಿ ತೆಂಗಿನ ನಾರಿನ ಪುಡಿ ಮತ್ತು ಗೊಬ್ಬರದ ಮಿಶ್ರಣ ತುಂಬಿ, ಬಿಸಿಲಿನಲ್ಲೇ ಬೆಳೆಸಿ, ಪ್ರದರ್ಶನದ ಹಿಂದಿನ ದಿನ ಒಳಗೆ ತಂದು ಚೌಕಟ್ಟಿಗೆ ಏರಿಸಬೇಕು. ತಟ್ಟೆಯ ಮೇಲಂಚಿನಲ್ಲಿ ಹನಿ ನೀರಾವರಿಯ ಒಂದು ಕೊಳವೆ ಓಡಿಸಿದರೆ ದಿನಕ್ಕೆ ಎರಡು ಸಲ ಹತ್ತು ನಿಮಿಷ ನೀರು ಬಿಟ್ಟರೆ ಆಯಿತು. ನೆರಳಿನಲ್ಲಿ ವಾರಗಟ್ಟಲೆ ಇಟ್ಟರೆ ಕೆಂಪು ಮಂಕಾಗುತ್ತದೆ, ಹನ್ನೆರಡು ದಿನಕ್ಕೆ ತೊಂದರೆ ಇಲ್ಲ. ಮುಗಿದ ಮೇಲೆ ಆ ತಟ್ಟೆಗಳು ನಗರದ ಯಾವುದೇ ಪಾರ್ಕಿನ ಮಡಿಗೆ ಹೋಗಬಹುದು. ವಿಧಾನಸೌಧವನ್ನೇ ಮಾಡಿ, ಅನುಭವ ಮಂಟಪವನ್ನೇ ಮಾಡಿ, ಆದರೆ ಬೇರು ಇರುವ ಗಿಡದಲ್ಲಿ ಮಾಡಿ ಎಂಬುದು ನಮ್ಮ ಬೇಡಿಕೆ.

ನಿಜವಾದ ಪ್ರದರ್ಶನ ಇರುವುದು ಗಾಜಿನ ಮನೆಯ ಬದಿಗಳಲ್ಲಿ, ಕುಂಡಗಳ ಸಾಲಿನಲ್ಲಿ. ನಿಮ್ಮ ಸಿಬ್ಬಂದಿ ತಿಂಗಳುಗಟ್ಟಲೆ ದುಡಿಯುವುದು ಅಲ್ಲಿ, ಮತ್ತು ಆ ದುಡಿಮೆಯ ಒಂದಕ್ಷರವೂ ನೋಡುಗರಿಗೆ ತಲುಪುತ್ತಿಲ್ಲ. ಆಗಸ್ಟ್ ಮೊದಲ ವಾರ ಅರಳಬೇಕಾದರೆ ಸಾಲ್ವಿಯಾ ಬೀಜ ಮೇ ಮಧ್ಯಕ್ಕೆ ಪ್ರೊ ಟ್ರೇಗೆ (ಸಸಿ ಎಬ್ಬಿಸುವ ಗುಳಿಗಳ ತಟ್ಟೆಗೆ) ಬೀಳಬೇಕು, ಕೋಳಿಜುಟ್ಟು ಮೇ ಕೊನೆಗೆ, ಗಿಡ್ಡ ಚೆಂಡು ಹೂ ಮತ್ತು ಜಿನ್ನಿಯಾ ಜೂನ್ ಮೊದಲ ವಾರಕ್ಕೆ, ಕರ್ಣಕುಂಡಲ ಜೂನ್ ಮಧ್ಯಕ್ಕೆ. ಜನವರಿಗೆ ಪೆಟೂನಿಯಾ ಅಕ್ಟೋಬರ್ ಕೊನೆಯಲ್ಲಿ, ಪ್ಯಾನ್ಸಿ ಮತ್ತು ಆಂಟಿರೈನಮ್ ಅಕ್ಟೋಬರ್ ಮೊದಲಲ್ಲಿ, ಸಿನರೇರಿಯಾ ಸೆಪ್ಟೆಂಬರಿನಲ್ಲೇ. ಸೇವಂತಿಗೆಯಂತೂ ಜೂನ್, ಜುಲೈನಲ್ಲಿ ತುಂಡು ಬೇರೂರಿಸಿ, ಎರಡು ಸಲ ಚಿಗುರು ಚಿವುಟಿ, ಹಗಲು ಕಿರಿದಾಗುವ ತನಕ ಕಾಯಬೇಕಾದ ಗಿಡ. ಆಗಸ್ಟಿನಲ್ಲಿ ಗಾಜಿನ ಮನೆಯಲ್ಲಿ ಕಾಣುವ ಸೇವಂತಿಗೆ ಪಾಲಿಹೌಸಿನಲ್ಲಿ ಸಂಜೆಯೇ ಕಪ್ಪು ಪರದೆ ಎಳೆದು ರಾತ್ರಿಯನ್ನು ಉದ್ದ ಮಾಡಿ ಅರಳಿಸಿದ್ದು. ಇದನ್ನು ಒಂದು ಫಲಕದಲ್ಲಿ ಬರೆದು ಹಾಕಿದರೆ ಮನೆಯಲ್ಲಿ ಸೇವಂತಿಗೆ ಆಗಸ್ಟಿನಲ್ಲಿ ಏಕೆ ಬಿಡುವುದಿಲ್ಲ ಎಂದು ತಲೆ ಕೆರೆದುಕೊಳ್ಳುವ ಎಷ್ಟೋ ಜನರಿಗೆ ಉತ್ತರ ಸಿಗುತ್ತದೆ.

ಆದ್ದರಿಂದ ಪ್ರತಿ ಗುಂಪಿನ ಮುಂದೆ ಅರ್ಧ ಕಾಗದದಷ್ಟು ದೊಡ್ಡ ಫಲಕ ಬೇಕು. ಕನ್ನಡದ ಹೆಸರು, ಸಸ್ಯಶಾಸ್ತ್ರದ ಹೆಸರು, ತಳಿ, ಬೀಜ ಹಾಕಿದ ದಿನಾಂಕ, ಕುಂಡದ ಅಳತೆ, ಮಣ್ಣಿನ ಮಿಶ್ರಣ, ಇಷ್ಟು. ಆರಂಗುಲದ ಕುಂಡಕ್ಕೆ ಕೆಂಪುಮಣ್ಣು, ಮರಳು, ಕೊಟ್ಟಿಗೆ ಗೊಬ್ಬರ ಸಮಪಾಲು ಎಂದೋ, ಮೊಗ್ಗು ಕಾಣುವ ತನಕ ವಾರಕ್ಕೊಮ್ಮೆ ಲೀಟರ್ ನೀರಿಗೆ 2 ಗ್ರಾಂ 19:19:19 ಗೊಬ್ಬರ (ಸಾರಜನಕ, ರಂಜಕ, ಪೊಟ್ಯಾಷ್‌ಗಳ ಶೇಕಡಾ ಪ್ರಮಾಣ), ಆಮೇಲೆ 13:0:45 ಎಂದೋ ಬರೆದರೆ ಸಾಕು. ಬರೀ ಕ್ಯೂಆರ್ ಕೋಡ್ ಅಂಟಿಸಿ ಕೈ ತೊಳೆದುಕೊಳ್ಳಬೇಡಿ. ಭಾನುವಾರ ಮಧ್ಯಾಹ್ನ ಆ ಗುಂಪಿನಲ್ಲಿ ಮೊಬೈಲ್ ನೆಟ್‌ವರ್ಕ್ ಹಿಡಿಯುವುದು ಕಷ್ಟ, ಹಿಡಿದರೂ ಹಿಂದಿನವರು ತಳ್ಳುತ್ತಿರುತ್ತಾರೆ.

ಕುಂಡಗಳ ವಿಷಯದಲ್ಲೂ ಒಂದೆರಡು ಸಣ್ಣ ಮಾತು. ಬಿಸಿಲಿನಲ್ಲಿ ಬೆಳೆದ ಪೆಟೂನಿಯಾ, ಚೆಂಡು ಹೂವನ್ನು ಗಾಜಿನ ಮನೆಯೊಳಗೆ ಹನ್ನೆರಡು ದಿನ ಒಂದೇ ಕಡೆ ಇಟ್ಟರೆ ನಾಲ್ಕನೆಯ ದಿನದಿಂದ ಮೊಗ್ಗು ಉದುರಲು ತೊಡಗುತ್ತದೆ, ಕಾಂಡ ಬೆಳಕಿನ ಕಡೆಗೆ ಎಳೆದುಕೊಂಡು ಬಡಕಲಾಗುತ್ತದೆ. ಮೂರನೇ ಒಂದು ಭಾಗ ಕುಂಡಗಳನ್ನು ಹೊರಗೆ ಕಾದಿಟ್ಟು, ನಾಲ್ಕು ದಿನಕ್ಕೊಮ್ಮೆ ಅದಲು ಬದಲು ಮಾಡಿದರೆ ಕೊನೆಯ ದಿನದ ಪ್ರದರ್ಶನವೂ ಮೊದಲ ದಿನದಂತೆ ಇರುತ್ತದೆ. ಎಲೆಗೆ ಎಲೆ ತಗುಲುವಂತೆ ಒತ್ತಾಗಿ ಜೋಡಿಸಿದರೆ ಫೋಟೋಗೆ ಚೆನ್ನ, ಆದರೆ ಗಾಳಿ ಆಡದೆ ನಡುವಿನ ಸಾಲು ಕೊಳೆಯುತ್ತದೆ. ನಾಲ್ಕು ಬೆರಳಿನ ಸಂದು ಬಿಡಬೇಕು. ಆಗಸ್ಟಿನ ಮಳೆಯಲ್ಲಿ ಪೆಟೂನಿಯಾವನ್ನು ಹೊರಗಿನ ಮಡಿಗಳಿಗೆ ಹಾಕುವುದೇ ತಪ್ಪು, ಒಂದು ಜೋರು ಮಳೆಗೆ ಎಸಳು ಒದ್ದೆ ಕಾಗದದಂತೆ ಮುದುಡುತ್ತದೆ. ಅಲ್ಲಿಗೆ ಟೊರೇನಿಯಾ, ಬಿಗೋನಿಯಾ, ಕೋಳಿಜುಟ್ಟು ಒಗ್ಗುತ್ತವೆ. ಇದೆಲ್ಲ ನಿಮಗೆ ಗೊತ್ತಿಲ್ಲದ್ದಲ್ಲ. ಮಾದರಿಯ ಕೆಲಸಕ್ಕೆ ಕೈಗಳೆಲ್ಲ ಹೋದಾಗ ಕುಂಡದ ಕಡೆಗೆ ಕೈ ಉಳಿಯುವುದಿಲ್ಲ ಎಂಬುದೇ ತೊಂದರೆ.

ಊಟಿಯಿಂದ ಬರುವ ಸಿಂಬಿಡಿಯಂ ಆರ್ಕಿಡ್, ಕ್ಯಾಲಾ ಲಿಲ್ಲಿಗಳನ್ನು ನೋಡಿ ಜನ ಬೆರಗಾಗುತ್ತಾರೆ. ಬೆರಗಾಗಲಿ. ಬೆಂಗಳೂರಿನ ಬಾಲ್ಕನಿಯಲ್ಲಿ ಸಿಂಬಿಡಿಯಂ ಅರಳುವುದು ದುರ್ಲಭ, ಅದಕ್ಕೆ ರಾತ್ರಿಯ ಚಳಿ ಬೇಕು ಎಂಬ ಒಂದು ಸಾಲು ಪಕ್ಕದಲ್ಲಿದ್ದರೆ ಹೊರಗಿನ ಮಳಿಗೆಯಲ್ಲಿ ದುಬಾರಿ ಗಿಡ ಕೊಂಡು ಮೂರು ತಿಂಗಳಿಗೆ ಎಸೆಯುವವರ ದುಡ್ಡು ಉಳಿಯುತ್ತದೆ. ಅದರ ಬದಲು ಇಲ್ಲಿಗೆ ಒಗ್ಗುವ ಡೆಂಡ್ರೋಬಿಯಂ, ವ್ಯಾಂಡಾ ತೋರಿಸಿ.

ಮಳಿಗೆಗಳ ಮಾತಿಗೇ ಬಂದೆವು. ಉಪ್ಪಿನಕಾಯಿ, ಕಿವಿಯೋಲೆ, ಆಟಿಕೆ, ಬಟ್ಟೆ ಮಾರುವವರ ಹೊಟ್ಟೆಪಾಡಿಗೆ ನಮ್ಮ ಅಡ್ಡಿಯಿಲ್ಲ, ಆದರೆ ಗಿಡದ ಮಳಿಗೆಗಳು ಇವುಗಳ ನಡುವೆ ಚದುರಿ ಹೋಗಿರುವುದರಿಂದ ಹೋಲಿಸಿ ಕೊಳ್ಳಲು ಆಗುವುದಿಲ್ಲ. ಎಲ್ಲ ಗಿಡದ ಮಳಿಗೆಗಳನ್ನು ಒಂದೇ ಬೀದಿಯಲ್ಲಿ ಇಡಿ, ಪ್ರತಿ ಗಿಡಕ್ಕೂ ಬೆಲೆ ಮತ್ತು ತಳಿಯ ಚೀಟಿ ಕಡ್ಡಾಯ ಮಾಡಿ. ಚೀಟಿ ಇಲ್ಲದೆ ಆಗುವ ಮೋಸ ಚಿಕ್ಕದಲ್ಲ. ಡಚ್ ಗುಲಾಬಿ ಎಂದು ಮಾರುವುದು ಬಹಳ ಸಲ ಪಾಲಿಹೌಸಿನ ಕತ್ತರಿಸುವ ಹೂವಿನ ತಳಿ. ಬಯಲಿನ ಮಳೆ, ನುಸಿಗೆ ಸಿಕ್ಕರೆ ಎರಡನೇ ಹೂವನ್ನೇ ಕಾಣುವುದಿಲ್ಲ. ಕಸಿ ಗುಲಾಬಿ ಕೊಳ್ಳುವವರು ಕಸಿಯ ಗಂಟು ಮಣ್ಣಿನಿಂದ ಮೇಲಿದೆಯೇ, ಗಂಟಿನ ಕೆಳಗಿನಿಂದ ಚಿಗುರು ಬಂದಿದೆಯೇ ನೋಡಬೇಕು. ಕೆಳಗಿನ ಚಿಗುರು ಬೇರಿನ ಗಿಡದ್ದು, ಬಿಟ್ಟರೆ ಕಸಿಯನ್ನು ನುಂಗುತ್ತದೆ. ನೀಲಿ ಗುಲಾಬಿ, ಕಾಮನಬಿಲ್ಲು ಗುಲಾಬಿಯ ಬೀಜ ಎಂಬ ಪೊಟ್ಟಣಗಳಂತೂ ಶುದ್ಧ ವಂಚನೆ, ಅಂಥ ಗುಲಾಬಿ ಯಾವ ಬೀಜದಿಂದಲೂ ಹುಟ್ಟುವುದಿಲ್ಲ. ತೋಟಗಾರಿಕೆ ಇಲಾಖೆಯ ಅಂಗಳದಲ್ಲೇ ಇಂಥವು ಮಾರಾಟವಾಗಬಾರದು. ಆಂಧ್ರದ ಕಡಿಯಂ ನರ್ಸರಿಗಳಿಂದ ಬರುವ ಗಿಡಗಳು ಕೆಟ್ಟವೇನಲ್ಲ, ಆದರೆ ಗೋದಾವರಿ ಬಯಲಿನ ಸೆಖೆಯಲ್ಲಿ, ಜಿಗುಟು ಮಣ್ಣಿನ ಉಂಡೆಯಲ್ಲಿ ಬೆಳೆದು ಬಂದವು. ಆ ಉಂಡೆಯನ್ನು ಹಾಗೇ ಕುಂಡಕ್ಕೆ ಇಳಿಸಿದರೆ ಹೊರಗಿನ ಹಗುರ ಮಣ್ಣು ಒದ್ದೆಯಾಗಿದ್ದರೂ ಒಳಗಿನ ಉಂಡೆ ಕಲ್ಲಾಗುತ್ತದೆ. ಅಂಚಿನ ಮಣ್ಣನ್ನು ಮೆಲ್ಲಗೆ ಸಡಿಲಿಸಿ, ಬಕೆಟ್ ನೀರಿನಲ್ಲಿ ಹತ್ತು ನಿಮಿಷ ಅದ್ದಿ ನೆಡಬೇಕು, ಹದಿನೈದು ದಿನ ನೆರಳಲ್ಲಿಡಬೇಕು. ಇದನ್ನು ಹೇಳಲು ಇಲಾಖೆಯ ಒಬ್ಬ ಸಹಾಯಕ ಅಧಿಕಾರಿ ಆ ಬೀದಿಯ ತುದಿಯಲ್ಲಿ ಒಂದು ಮೇಜು ಹಾಕಿಕೊಂಡು ಕುಳಿತರೆ ಸಾಕು. ಲಾಲ್‌ಬಾಗಿನೊಳಗೇ ನರ್ಸರಿಯವರ ಸಹಕಾರ ಸಂಘ ವರ್ಷವಿಡೀ ಗಿಡ ಮಾರುತ್ತದೆ ಎಂಬುದೂ ಬಂದವರಲ್ಲಿ ಹಲವರಿಗೆ ಗೊತ್ತಿಲ್ಲ, ದಾರಿ ತೋರಿಸುವ ಫಲಕ ಹಾಕಿ.

ಕೊನೆಯ ದಿನ ಸಂಜೆ ಕುಂಡಗಳನ್ನು ಮಾರುವ ಪದ್ಧತಿಯನ್ನು ನಾವು ಗಂಭೀರವಾಗಿ ಕೇಳುತ್ತಿದ್ದೇವೆ. ಚೆಲ್ಸಿಯಲ್ಲಿ ಕೊನೆಯ ದಿನ ನಾಲ್ಕು ಗಂಟೆಗೆ ಗಂಟೆ ಬಾರಿಸಿದ ಮೇಲೆ ಮಾರಾಟ ಶುರು. ಋತುವಿನ ಹೂಗಿಡಕ್ಕೆ ಪ್ರದರ್ಶನ ಮುಗಿಯುವ ಹೊತ್ತಿಗೂ ಮೂರು ನಾಲ್ಕು ವಾರದ ಆಯಸ್ಸು ಉಳಿದಿರುತ್ತದೆ. 20, 30 ರೂಪಾಯಿಗೆ ಒಂದು ಕುಂಡ, ತಲೆಗೆ ಎರಡೇ ಎಂದು ಚೀಟಿ ಕೊಟ್ಟು ಮಾರಿದರೆ ಟಿಕೆಟ್ ಕೊಂಡವರ ಮನೆಗೂ ಒಂದು ಗಿಡ ಹೋಗುತ್ತದೆ, ಕುಂಡ ಸಾಗಿಸುವ ಲಾರಿ ಖರ್ಚೂ ಉಳಿಯುತ್ತದೆ.

ಸ್ಪರ್ಧೆಗಳ ಬಗ್ಗೆ ಸಂಘದವರಿಗೆ ಒಂದು ಮಾತು. ಮನೆತೋಟ, ತಾರಸಿ ತೋಟ, ಕೈತೋಟ, ಕುಂಡದ ಗಿಡಗಳಿಗೆ ಬಹುಮಾನ ಕೊಡುತ್ತೀರಿ. ಡಾ. ಎಂ.ಎಚ್. ಮರಿಗೌಡ ಸ್ಮಾರಕ ಭವನದಲ್ಲಿ ಇಕೆಬಾನ (ಜಪಾನಿನ ಹೂ ಜೋಡಣೆ), ತರಕಾರಿ ಕೆತ್ತನೆ, ಬೋನ್ಸಾಯ್, ಜಾನೂರ (ತೆಂಗಿನ ಗರಿಯ ಅಲಂಕಾರ) ಇವುಗಳ ಪ್ರದರ್ಶನ ಇರುತ್ತದೆ, ಅದು ಇವತ್ತಿಗೂ ಇಡೀ ಪ್ರದರ್ಶನದಲ್ಲಿ ನಿಂತು ನೋಡಬಹುದಾದ ಜಾಗ. ಆದರೆ ಗಾಜಿನ ಮನೆಯಿಂದ ಹೊರಬಿದ್ದವರಿಗೆ ಅತ್ತ ಹೋಗುವ ಕಸುವು ಉಳಿದಿರುವುದಿಲ್ಲ. ಗೆದ್ದ ತೋಟಗಳ ಚಿತ್ರಗಳನ್ನೂ, ಅವರು ಬಳಸಿದ ಜಾಗದ ಅಳತೆಯನ್ನೂ, ಅಂಕಪಟ್ಟಿಯನ್ನೂ ಗಾಜಿನ ಮನೆಯ ಒಂದು ಬದಿಗೇ ತನ್ನಿ. 10 ಅಡಿ ಉದ್ದ 4 ಅಡಿ ಅಗಲದ ಬಾಲ್ಕನಿಯಲ್ಲಿ ಒಬ್ಬರು ಏನು ಬೆಳೆದರು ಎಂಬುದು ಈ ಊರಿನ ಅಪಾರ್ಟ್‌ಮೆಂಟಿನವರಿಗೆ ಲಕ್ಷ ಗುಲಾಬಿಗಿಂತ ಹೆಚ್ಚು ಬೇಕಾದ ಸಂಗತಿ. ಹಣ್ಣು, ತರಕಾರಿಗೂ ಮೊದಲಿನ ಮರ್ಯಾದೆ ಕೊಡಿ. ತಟ್ಟೆಗೆ ಐದೈದರಂತೆ ಬದನೆ, ಸೀಬೆ, ನಿಂಬೆಯ ತಳಿಗಳನ್ನು ಹೆಸರು ಬರೆದು ಇಟ್ಟರೆ ಅದಕ್ಕೆ ಖರ್ಚೂ ಇಲ್ಲ.

ಜನಸಂದಣಿಯ ಲೆಕ್ಕ ಬಹಳ ಸರಳ. ನೋಡುತ್ತ ನಡೆಯುವ ಜನ ಒಂದು ಮೀಟರ್ ಅಗಲದ ದಾರಿಯಲ್ಲಿ ನಿಮಿಷಕ್ಕೆ 25 ಎಂದು ಹಿಡಿಯೋಣ. ಮೂರು ಮೀಟರ್ ದಾರಿಯಲ್ಲಿ 75, ಗಂಟೆಗೆ 4,500. ಹತ್ತು ಗಂಟೆಗೆ 45,000. ಅದಕ್ಕಿಂತ ಹೆಚ್ಚು ಟಿಕೆಟ್ ಮಾರಿದ ದಿನ ಹಗ್ಗ ಹಿಡಿದವರು ಸೀಟಿ ಊದಿ ‘ಮುಂದೆ ನಡೀರಿ, ನಿಲ್ಲಬೇಡಿ’ ಎನ್ನಲೇಬೇಕಾಗುತ್ತದೆ, ಅವರ ತಪ್ಪಲ್ಲ. ನೋಡಲು ಬಂದವರನ್ನು ನೋಡಬೇಡಿ ಎಂದಂತಾಯಿತು. ಆನ್‌ಲೈನ್ ಟಿಕೆಟ್ಟಿಗೆ ಎರಡೆರಡು ಗಂಟೆಯ ಸಮಯ ಕಟ್ಟಿ, ಗಾಜಿನ ಮನೆಯ ಒಳಗಿನ ದಾರಿಯನ್ನು ಎರಡಾಗಿ ಸೀಳಿ: ಮಾದರಿ ನೋಡಿ ಫೋಟೋ ತೆಗೆಯುವವರಿಗೆ ನಡುವಿನ ದಾರಿ, ಕುಂಡ ನೋಡುವವರಿಗೆ ಬದಿಯ ನಿಧಾನದ ದಾರಿ. ವಾರದಲ್ಲಿ ಎರಡು ದಿನ ಬೆಳಿಗ್ಗೆ 7ರಿಂದ 9ರವರೆಗೆ ಹಿರಿಯರಿಗೆ, ಗಾಲಿಕುರ್ಚಿಯವರಿಗೆ, ಬೆಳೆಗಾರರಿಗೆ ಎಂದು ಮೀಸಲಿಡಿ. ಬೆಳಕೂ ಆಗಲೇ ಚೆನ್ನ, ಹೂವೂ ಆಗಲೇ ತಾಜಾ. ಹೊರಗಿನ ಊಟ ತರಬಾರದು ಎಂಬ ನಿಯಮ ಕಸದ ದೃಷ್ಟಿಯಿಂದ ಸರಿಯೇ. ಆದರೆ ಸಕ್ಕರೆ ಕಾಯಿಲೆಯ ಅಜ್ಜಿಯ ಸ್ಟೀಲ್ ಡಬ್ಬಿ ಮತ್ತು ಮಗುವಿನ ಬಾಟಲಿಗೆ ಅದರಲ್ಲಿ ವಿನಾಯಿತಿ ಬರೆದು ಹಾಕಿ. ಬಾಗಿಲ ಕಾವಲಿನವರ ಮನಸ್ಸಿಗೆ ಬಿಟ್ಟರೆ ಒಂದೊಂದು ಬಾಗಿಲಲ್ಲಿ ಒಂದೊಂದು ಕಾನೂನಾಗುತ್ತದೆ. ಒಳಗೆ ಕುಡಿಯುವ ನೀರಿನ ನಲ್ಲಿಗಳು ಎಲ್ಲೆಲ್ಲಿವೆ ಎಂಬ ನಕ್ಷೆ ಟಿಕೆಟ್ಟಿನ ಹಿಂಬದಿಯಲ್ಲೇ ಇರಲಿ.

ಇನ್ನು ಲೆಕ್ಕಪತ್ರ. ಪ್ರತಿ ಪ್ರದರ್ಶನ ಮುಗಿದ ಮೇಲೆ ಎಷ್ಟು ಲಕ್ಷ ಜನ ಬಂದರು, ಎಷ್ಟು ಕೋಟಿ ಸಂಗ್ರಹವಾಯಿತು ಎಂದು ಸುದ್ದಿ ಬರುತ್ತದೆ. ಖರ್ಚಿನ ಬಾಬ್ತುಗಳೂ ಅದೇ ಹೊತ್ತಿಗೆ ಬರಲಿ: ಕತ್ತರಿಸಿದ ಹೂವಿಗೆ ಎಷ್ಟು, ಚೌಕಟ್ಟಿಗೆ ಎಷ್ಟು, ಫೋಮಿಗೆ ಎಷ್ಟು, ಕುಂಡದ ಗಿಡಗಳಿಗೆ ಎಷ್ಟು, ಕೂಲಿಗೆ, ಕಸಕ್ಕೆ, ತುಳಿದು ಹೋದ ಹುಲ್ಲುಹಾಸನ್ನು ಮತ್ತೆ ಎಬ್ಬಿಸುವುದಕ್ಕೆ ಎಷ್ಟು. ಮಾಹಿತಿ ಹಕ್ಕು ಕಾಯ್ದೆಯ 4(1)(ಬಿ) ಪ್ರಕಾರ ಸಾರ್ವಜನಿಕ ಸಂಸ್ಥೆಗಳು ತಾವಾಗಿಯೇ ಮಾಹಿತಿ ಪ್ರಕಟಿಸಬೇಕು, ಯಾರೋ ಅರ್ಜಿ ಹಾಕುವ ತನಕ ಕಾಯಬೇಕಿಲ್ಲ. ಕುಂಡದ ಗಿಡಕ್ಕೂ ಫಲಕಕ್ಕೂ ದುಡ್ಡು ಸಾಲದು ಎಂದು ಆ ಪಟ್ಟಿಯಿಂದ ತಿಳಿದರೆ 100 ರೂಪಾಯಿಯ ಬಗ್ಗೆ ನಾವು ಮರುಮಾತಾಡುವುದಿಲ್ಲ.

ಜನವರಿಯ ಪ್ರದರ್ಶನದಲ್ಲಿ ಇವುಗಳಲ್ಲಿ ಕೆಲವನ್ನಾದರೂ ಮಾಡಿ ನೋಡುವ ಮನಸ್ಸಿದ್ದರೆ ಸಿನರೇರಿಯಾ ಬೀಜ ಸೆಪ್ಟೆಂಬರಿನಲ್ಲಿ ಬೀಳಬೇಕು, ಆಲ್ಟರ್‌ನ್ಯಾಂಥೆರಾ ತುಂಡುಗಳು ನವೆಂಬರ್ ಮೊದಲ ವಾರ ತಟ್ಟೆಗೆ ಏರಬೇಕು. ಆದ್ದರಿಂದ ಈ ಪತ್ರಕ್ಕೆ ಉತ್ತರ ಆಗಸ್ಟ್ ಪ್ರದರ್ಶನ ಮುಗಿದ ಹದಿನೈದು ದಿನದೊಳಗೆ ಬರಲಿ ಎಂದು ಕೇಳಿಕೊಳ್ಳುತ್ತೇವೆ. ಫಲಕ ಬರೆಯಲು, ಗಿಡದ ಬೀದಿಯ ಮೇಜಿನಲ್ಲಿ ಕೂರಲು ನಮ್ಮಲ್ಲಿ ಜನ ಇದ್ದಾರೆ, ಸಂಬಳ ಬೇಡ.

ಇಂತಿ,
ಬೆಂಗಳೂರಿನ ಕೆಲವು ಹವ್ಯಾಸಿ ತೋಟಗಾರರು